ಅಮ್ಮನ ಟಿಇಟಿ ಮತ್ತು 1846ರ ಒಂದು ಕರಾರು

2025ರ ದಸರಾ ರಜೆಗೆ ಊರಿಗೆ ಹೋದಾಗ ಅಮ್ಮ ಮನೆಯಲ್ಲಿರಲಿಲ್ಲ. ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರು. ಆ ರಜೆಯಲ್ಲಿ ರಾಜ್ಯದ ಟೀಚರುಗಳು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆಂದು ಮೊಬೈಲ್ ಹಿಡಿದುಕೊಂಡು ಮನೆಮನೆ ಸುತ್ತುತ್ತಿದ್ದರಲ್ಲ, ಅವರಲ್ಲಿ ಅವಳೂ ಒಬ್ಬಳು. ಸಂಜೆ ಏಳಕ್ಕೆ ಬಂದಳು, ಕಾಲು ತೊಳೆದುಕೊಂಡು ಒಲೆ ಹಚ್ಚಿದಳು, ಊಟ ಆದ ಮೇಲೆ ಕನ್ನಡಕ ಹಾಕಿಕೊಂಡು ಒಂದು ದಪ್ಪನೆಯ ಪುಸ್ತಕ ತೆಗೆದಳು. ನೋಡಿದರೆ ಟಿಇಟಿ ಗೈಡು!

"ಇದ್ಯಾರಿಗಮ್ಮಾ?" ಅಂದೆ.

"ನನಗೇ ಕಣೋ. ಇಪ್ಪತ್ತೇಳು ವರ್ಷ ಪಾಠ ಮಾಡಿದ್ದೀನಲ್ಲ, ಇನ್ನು ಮೇಲೆ ಟೀಚರ್ ಆಗೋಕೆ ಯೋಗ್ಯಳೋ ಇಲ್ವೋ ಅಂತ ನೋಡ್ತಾರಂತೆ."

ನಗುತ್ತಲೇ ಹೇಳಿದಳು. ಆದರೆ ನಗು ಕಣ್ಣಿನ ತನಕ ಹೋಗಿರಲಿಲ್ಲ.

ವಿಷಯ ನಿಮಗೂ ಗೊತ್ತಿರಬಹುದು. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ದೀಪಂಕರ್ ದತ್ತಾ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಈಗಾಗಲೇ ಕೆಲಸದಲ್ಲಿರುವ ಟೀಚರುಗಳಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಬಾಕಿ ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸು ಮಾಡಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಐದು ವರ್ಷಕ್ಕಿಂತ ಕಡಿಮೆ ಇರುವವರು ಹಾಗೇ ಮುಂದುವರಿಯಬಹುದು, ಆದರೆ ಬಡ್ತಿ ಬೇಕೆಂದರೆ ಅವರೂ ಪಾಸಾಗಬೇಕು. ಅಮ್ಮನಿಗೆ 52. ಲೆಕ್ಕ ನೀವೇ ಹಾಕಿಕೊಳ್ಳಿ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಿಟ್ಟು ಬಂದಿತ್ತು ನಿಜ, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ನಾನು ಓದಿದ ಒಂದು ಶಾಲೆಯಲ್ಲಿ ಭಿನ್ನರಾಶಿ ಕೂಡಿಸುವಾಗ ಛೇದಗಳನ್ನೂ ಕೂಡಿಸಿಬಿಡುತ್ತಿದ್ದ ಮೇಷ್ಟ್ರೊಬ್ಬರಿದ್ದರು. ನಮ್ಮ ಇಡೀ ಬ್ಯಾಚು ಹೈಸ್ಕೂಲಿಗೆ ಬಂದ ಮೇಲೆ ಅದನ್ನು ಮರೆಯಬೇಕಾಯಿತು. ಅಂಥವರನ್ನು ಯಾರೂ ಪರೀಕ್ಷೆ ಮಾಡಬಾರದು ಅಂತ ಯಾವ ಬಾಯಲ್ಲಿ ಹೇಳಲಿ? ಆದರೆ ಒಂದು ಮಾತು: ಅವರ ಹತ್ತಿರವೂ ಟಿ.ಸಿ.ಎಚ್. ಸರ್ಟಿಫಿಕೇಟ್ ಇತ್ತು, ಅಮ್ಮನ ಹತ್ತಿರ ಇರುವುದೂ ಅದೇ. ಹಾಗಾದರೆ ಆ ಕಾಗದ ಇಷ್ಟು ದಿನ ಹೇಳುತ್ತಿದ್ದದ್ದಾದರೂ ಏನು?

ಬೆಂಗಳೂರಿಗೆ ವಾಪಸು ಬಂದ ಮೇಲೆ ಆಫೀಸು ಬಿಟ್ಟ ನಂತರ ಕೂತು ಇದರ ಹಿಂದೆ ಬಿದ್ದೆ. ಟೀಚರಿಗೆ ಸರ್ಟಿಫಿಕೇಟ್ ಬೇಕು ಅನ್ನುವ ಮಾತು ಮೊದಲು ಬಂದದ್ದು ಎಲ್ಲಿಂದ? ಹುಡುಕುತ್ತಾ ಹೋದರೆ ದಾರಿ ಸುತ್ತಿ ಬಳಸಿ ಮೊದಲು ನಮ್ಮ ಬಳ್ಳಾರಿಗೇ ಬಂತು!

1822ರಲ್ಲಿ ಮದರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ ಪ್ರಾಂತ್ಯದ ಎಲ್ಲ ಕಲೆಕ್ಟರುಗಳಿಗೆ ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂದು ಲೆಕ್ಕ ಕೇಳಿದ. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಉತ್ತರ ಕಳಿಸಿದ. ಧರ್ಮಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' ಓದಿದವರಿಗೆ ಈ ವರದಿ ಪರಿಚಯ ಇರುತ್ತದೆ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ಮಕ್ಕಳು. ಅವುಗಳಲ್ಲಿ ಕನ್ನಡದ್ದು 235, ತೆಲುಗಿನದು 226. (ಈಗಿನ ಅನಂತಪುರವೂ ಆಗ ಬಳ್ಳಾರಿಯಲ್ಲೇ ಇತ್ತು.) ಇವೆಲ್ಲ ನಮ್ಮ ಕೂಲಿಮಠಗಳ ಥರದ್ದೇ. ಅಯ್ಯನೋರೋ ಐಗಳೋ ಒಬ್ಬರು, ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವ ಹತ್ತು ಹನ್ನೆರಡು ಮಕ್ಕಳು, ತಿಂಗಳಿಗೆ ಇಷ್ಟು ಅಂತ ಅಪ್ಪಂದಿರು ಕೊಡುವ ಫೀಜು. ಸರ್ಟಿಫಿಕೇಟಿನ ಸುದ್ದಿಯೇ ಇಲ್ಲ. ಊರಿನವರು ಒಪ್ಪಿದರೆ ಮೇಷ್ಟ್ರು, ಇಲ್ಲದಿದ್ದರೆ ಮಠ ಖಾಲಿ.

ಕ್ಯಾಂಪ್‌ಬೆಲ್ ಎರಡು ಮಾತು ಬರೆದಿದ್ದಾನೆ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಾ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಪದ್ಧತಿ ಮೆಚ್ಚುವಂಥದ್ದು, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಸರಿಯಾಗಿಯೇ ಇದೆ, ಇದು ಒಂದು. ಈ ಶಾಲೆಗಳ ದೊಡ್ಡ ಕೊರತೆಯೆಂದರೆ ಓದಿಸುವ ಪುಸ್ತಕಗಳು ಮತ್ತು ಯೋಗ್ಯ ಮೇಷ್ಟ್ರುಗಳಿಲ್ಲದಿರುವುದು, ಇದು ಇನ್ನೊಂದು. ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಹುಡುಗರು ಉರು ಹೊಡೆಯುತ್ತಾರೆ, ಅರ್ಥ ಹುಡುಗರಿಗೂ ಗೊತ್ತಿಲ್ಲ, ಎಷ್ಟೋ ಸಲ ಮೇಷ್ಟರಿಗೂ ಗೊತ್ತಿಲ್ಲ ಅನ್ನುತ್ತಾನೆ. ಧರ್ಮಪಾಲರನ್ನು ಹಿಡಿದುಕೊಂಡು ಮೊದಲ ಮಾತನ್ನು ಎತ್ತಾಡುವವರು ಬೇಕಾದಷ್ಟಿದ್ದಾರೆ. ಎರಡನೆಯದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ :-)

ಇಂಗ್ಲೆಂಡು ಅನುಕರಿಸಿದ್ದು ಅಂದನಲ್ಲ, ಅದರ ಕಥೆ ಹೀಗಿದೆ. 1789ರಲ್ಲಿ ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗೊಂದು ಆಶ್ರಮ ಶುರುವಾಯಿತು. ಅದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ತಿದ್ದುವುದನ್ನು ಕಂಡು ತನ್ನಲ್ಲೂ ಹಾಗೇ ಮಾಡಿಸಲು ಹೋದ. ಅವನ ಕೈಕೆಳಗಿನ ಮೇಷ್ಟ್ರುಗಳು ಆಗದು ಅಂದರು. ಆಗ ಅವನು ಎಂಟು ವರ್ಷದ ಜಾನಿ ಫ್ರಿಸ್ಕೆನ್ ಎಂಬ ಹುಡುಗನಿಗೆ ಕಲಿಸಿ, ಅವನ ಕೈಯಿಂದ ಉಳಿದವರಿಗೆ ಕಲಿಸಿದ. 1797ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಪುಸ್ತಕ ಬರೆದ. ಮುಂದಿನ ಮೂವತ್ತು ನಲವತ್ತು ವರ್ಷ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳು ಈ 'ಮದರಾಸು ಪದ್ಧತಿ'ಯಲ್ಲಿ ನಡೆದವು. ಒಂದು ದೊಡ್ಡ ಹಾಲು, ನೂರಾರು ಮಕ್ಕಳು, ಒಬ್ಬನೇ ಮೇಷ್ಟ್ರು, ಮಧ್ಯೆ ಮಾನಿಟರುಗಳು. ಖರ್ಚು ಕಡಿಮೆ. ನಮ್ಮ ಮಠದಲ್ಲಿ ಹನ್ನೆರಡು ಮಕ್ಕಳ ನಡುವೆ ನಡೆಯುತ್ತಿದ್ದುದನ್ನು ಅಲ್ಲಿ ಫ್ಯಾಕ್ಟರಿಯ ಅಳತೆಗೆ ಹಿಗ್ಗಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸ್ಕೇಲ್ ಮಾಡಿದರು, ಹಾಗಾಗಿ ಕ್ರ್ಯಾಶ್ ಆಯಿತು. ಮಕ್ಕಳು ಗಿಣಿಗಳಾದರು.

ಇದನ್ನು ಸರಿ ಮಾಡಲು ಹೊರಟವನು ಜೇಮ್ಸ್ ಕೇ-ಷಟಲ್‌ವರ್ತ್. ವೃತ್ತಿಯಿಂದ ವೈದ್ಯ, ಮ್ಯಾಂಚೆಸ್ಟರಿನ ಕೊಳೆಗೇರಿಗಳನ್ನು ಕಣ್ಣಾರೆ ಕಂಡವನು. 1839ರಿಂದ ಸರ್ಕಾರದ ಶಿಕ್ಷಣ ಸಮಿತಿಯ ಕಾರ್ಯದರ್ಶಿಯಾಗಿದ್ದ. 1840ರಲ್ಲಿ ಬ್ಯಾಟರ್‌ಸೀಯಲ್ಲಿ ತಾನೇ ಮುಂದೆ ನಿಂತು ಟೀಚರುಗಳಿಗಾಗಿ ಒಂದು ಟ್ರೇನಿಂಗ್ ಕಾಲೇಜು ತೆರೆದ. ನನಗೆ ತುಂಬಾ ಮುಖ್ಯ ಅನಿಸಿದ್ದು 1846ರಲ್ಲಿ ಅವನು ತಂದ ನಿಯಮಗಳು.

13 ವರ್ಷದ ಜಾಣ ಹುಡುಗ ಹುಡುಗಿಯರನ್ನು ಐದು ವರ್ಷ ಒಬ್ಬ ಮೇಷ್ಟ್ರ ಕೈಕೆಳಗೆ ಶಿಷ್ಯ-ಶಿಕ್ಷಕರಾಗಿ ಇಡುವುದು. ಕಲಿಯುವಾಗಲೇ ಸರ್ಕಾರದಿಂದ ಸಂಬಳ: ಮೊದಲ ವರ್ಷ 10 ಪೌಂಡು, ಐದನೆಯ ವರ್ಷಕ್ಕೆ 20 ಪೌಂಡು. ಅವರನ್ನು ತಯಾರು ಮಾಡುವ ಮೇಷ್ಟರಿಗೂ ಅದಕ್ಕಾಗಿ ಬೇರೆ ಹಣ. ಐದು ವರ್ಷದ ಮೇಲೆ ಪರೀಕ್ಷೆಯಲ್ಲಿ ಗೆದ್ದವರಿಗೆ 'ರಾಣಿಯ ಸ್ಕಾಲರ್‌ಶಿಪ್', ಅಂದರೆ ಟ್ರೇನಿಂಗ್ ಕಾಲೇಜಿನಲ್ಲಿ ಓದಲು ಸಹಾಯಧನ. ಕೊನೆಗೆ ಸರ್ಕಾರಿ ಇನ್‌ಸ್ಪೆಕ್ಟರುಗಳ ಮುಂದೆ ಸರ್ಟಿಫಿಕೇಟ್ ಪರೀಕ್ಷೆ. ಅದು ಸಿಕ್ಕಿದರೆ ಶಾಲೆ ಕೊಡುವ ಸಂಬಳದ ಮೇಲೆ ಸರ್ಕಾರದ್ದೂ ಒಂದಿಷ್ಟು. ಗಂಡಸರಿಗೆ ವರ್ಷಕ್ಕೆ 15ರಿಂದ 30 ಪೌಂಡಿನ ತನಕ, ಹೆಂಗಸರಿಗೆ ಅದರ ಮೂರನೆಯ ಎರಡು ಭಾಗ (ಅಲ್ಲೂ ಹಾಗೇ!). ದುಡಿದು ದಣಿದ ಮೇಲೆ ಪೆನ್ಷನ್ನಿನ ಆಸೆಯನ್ನೂ ತೋರಿಸಿದ್ದರು.

ಇಲ್ಲಿ ಸ್ವಲ್ಪ ನಿಲ್ಲೋಣ. 1846ರ ಆ ಸರ್ಟಿಫಿಕೇಟು ಒಂದು ಕರಾರಾಗಿತ್ತು. ನೀನು ಕಲಿ, ಕಲಿಯುವಾಗ ನಾನು ಸಾಕುತ್ತೇನೆ. ನೀನು ಪಾಸಾಗು, ಜೀವನವಿಡೀ ನಿನ್ನ ಸಂಬಳಕ್ಕೆ ನಾನು ಕೈ ಹಾಕುತ್ತೇನೆ, ಎಂದು ಸರ್ಕಾರ ಹೇಳಿತ್ತು. ಅದರಿಂದ ಆದದ್ದೂ ದೊಡ್ಡದೇ. ನೇಯ್ಗೆಯವರ, ಕೂಲಿಕಾರರ, ಸಣ್ಣ ಅಂಗಡಿಯವರ ಮಕ್ಕಳಿಗೆ ಮೊದಲ ಬಾರಿಗೆ ಓದಿ ಮರ್ಯಾದೆಯಿಂದ ಬದುಕುವ ಒಂದು ದಾರಿ ಸಿಕ್ಕಿತು. 'ಸರ್ಟಿಫಿಕೇಟ್ ಇರುವ ಟೀಚರು' ಎಂದರೆ ಒಂದು ಜಾತಿಯೇ ಆಗಿ, ಅವರು ಸಂಘ ಕಟ್ಟಿದರು, ನಾವೂ ಡಾಕ್ಟರು ವಕೀಲರ ಹಾಗೆ ಅನ್ನತೊಡಗಿದರು.

ದೊಡ್ಡವರಿಗೆ ಇದು ಸರಿ ಬರಲಿಲ್ಲ. ಈ ಟೀಚರುಗಳಿಗೆ ತಲೆ ತಿರುಗಿದೆ, ತಮ್ಮ ಅಂತಸ್ತು ಮರೆತಿದ್ದಾರೆ ಅನ್ನುವ ಗೊಣಗಾಟ ಶುರುವಾಯಿತು. ಸರ್ಕಾರದ ಖರ್ಚೂ ವರ್ಷವರ್ಷ ಏರುತ್ತಿತ್ತು. ಆಗ ಬಂದವನು ರಾಬರ್ಟ್ ಲೋ, 1862ರ ಪರಿಷ್ಕೃತ ಸಂಹಿತೆಯ ಕರ್ತೃ. ಶಿಕ್ಷಣದ ಆಡಳಿತ ಶಿಕ್ಷಣದಿಂದಲೇ ಹೊಟ್ಟೆ ಹೊರೆಯುವವರ ಕೈಗೆ ಹೋಗಿಬಿಡುತ್ತದೆ ಎಂಬುದು ಅವನ ಭಯ. ಅವನು ಮಾಡಿದ್ದೇನು ಗೊತ್ತೆ? ಸರ್ಟಿಫಿಕೇಟನ್ನು ತೆಗೆಯಲಿಲ್ಲ, ಅದು ಇರಲೇಬೇಕು ಅಂದ. ಆದರೆ ಅದರ ಜೊತೆ ಟೀಚರಿಗೆ ನೇರವಾಗಿ ಬರುತ್ತಿದ್ದ ಹಣವನ್ನು ನಿಲ್ಲಿಸಿದ, ಪೆನ್ಷನ್ನಿನ ಮಾತನ್ನು ಅಳಿಸಿದ. ಬದಲಿಗೆ ಹಣವೆಲ್ಲ ಶಾಲೆಯ ಆಡಳಿತಕ್ಕೆ, ಅದೂ ಮಕ್ಕಳ ಫಲಿತಾಂಶ ನೋಡಿ. ಹಾಜರಿಗೆ ತಲೆಗೆ 4 ಶಿಲಿಂಗು. ಪರೀಕ್ಷೆಗೆ 8 ಶಿಲಿಂಗು, ಓದು, ಬರಹ, ಲೆಕ್ಕ ಮೂರಕ್ಕೂ ಸಮನಾಗಿ ಹಂಚಿ 2 ಶಿಲಿಂಗು 8 ಪೆನ್ನಿಯಂತೆ. ಇನ್‌ಸ್ಪೆಕ್ಟರ್ ಬಂದ ದಿನ ಮಗು ಲೆಕ್ಕದಲ್ಲಿ ತಪ್ಪಿದರೆ ಶಾಲೆಗೆ 2 ಶಿಲಿಂಗು 8 ಪೆನ್ನಿ ಖೋತಾ, ಆಮೇಲೆ ಅದು ಮೇಷ್ಟ್ರ ಸಂಬಳದಲ್ಲಿ ಮುರಿತ. ಮಗುವಿಗೆ ಅವತ್ತು ಜ್ವರ ಇದ್ದರೂ ಅಷ್ಟೇ.

ಈ ವ್ಯವಸ್ಥೆ ಸುಮಾರು ಮೂವತ್ತು ವರ್ಷ ನಡೆಯಿತು. ಕವಿ ಮ್ಯಾಥ್ಯೂ ಆರ್ನಾಲ್ಡ್ ಹೊಟ್ಟೆಪಾಡಿಗೆ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಅನ್ನುವುದು ನನಗೆ ಇದನ್ನು ಓದುವ ತನಕ ಗೊತ್ತಿರಲಿಲ್ಲ. ಅವನು ವರದಿಗಳಲ್ಲಿ ಮತ್ತೆ ಮತ್ತೆ ಇದನ್ನು ವಿರೋಧಿಸಿದ. ಪಾಠ ಯಂತ್ರದಂತಾಗಿದೆ, ಶಾಲೆಯಲ್ಲಿ ಜೀವ ಇಲ್ಲ ಅಂದ. ಮಕ್ಕಳು ಓದುವ ಪುಸ್ತಕವನ್ನು ಎಷ್ಟು ಬಾಯಿಪಾಠ ಮಾಡಿರುತ್ತಿದ್ದರೆಂದರೆ ಪುಸ್ತಕ ತಲೆಕೆಳಗಾಗಿ ಕೊಟ್ಟರೂ ಸರಾಗವಾಗಿ 'ಓದು'ತ್ತಿದ್ದರಂತೆ. ಶಿಷ್ಯ-ಶಿಕ್ಷಕರಾಗಲು ಬರುವವರ ಸಂಖ್ಯೆ ಇಳಿಯಿತು. ಬಳ್ಳಾರಿಯ ಮಠದಲ್ಲಿ ಅರ್ಥವಾಗದ್ದನ್ನು ಉರು ಹೊಡೆಸುತ್ತಾರೆ ಎಂದು ಕ್ಯಾಂಪ್‌ಬೆಲ್ ದೂರಿದ್ದನಲ್ಲ, ನಲವತ್ತು ವರ್ಷದ ನಂತರ ಅವನ ದೇಶದಲ್ಲೇ ಸರ್ಟಿಫಿಕೇಟ್ ಪಡೆದ ಮೇಷ್ಟ್ರುಗಳು ಸರ್ಕಾರದ ಒತ್ತಾಯಕ್ಕೆ ಅದನ್ನೇ ಮಾಡುತ್ತಿದ್ದರು. ಕಾಗದ ಅದೇ, ಅದರ ಹಿಂದಿನ ಕರಾರು ಮಾತ್ರ ಹರಿದು ಹೋಗಿತ್ತು.

ಟೀಚರುಗಳು ಸುಮ್ಮನಿರಲಿಲ್ಲ. 1870ರಲ್ಲಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಅವರಿಗೆ ಇನ್ನೂ ಒಂದು ಆಸೆಯಿತ್ತು. 1858ರ ಕಾಯ್ದೆಯಿಂದ ಡಾಕ್ಟರುಗಳಿಗೆ ತಮ್ಮದೇ ವೈದ್ಯಕೀಯ ಮಂಡಳಿ, ತಮ್ಮದೇ ನೋಂದಣಿ ಪುಸ್ತಕ ಸಿಕ್ಕಿತ್ತು. ಯಾರು ಡಾಕ್ಟರು ಅನ್ನುವುದನ್ನು ಡಾಕ್ಟರುಗಳೇ ನೋಡಿಕೊಳ್ಳುವುದು. ಟೀಚರುಗಳೂ ಅಂಥದ್ದನ್ನು ಕೇಳಿದರು. ಫಲಿತಾಂಶಕ್ಕೆ ತಕ್ಕ ಕೂಲಿ 1890ರ ದಶಕದಲ್ಲಿ ಹೋಯಿತು, ಆದರೆ ಡಾಕ್ಟರುಗಳಂಥ ಅಧಿಕಾರ ಸಿಗಲಿಲ್ಲ. ಅವರಿಗೆ ಸರ್ಟಿಫಿಕೇಟು ಕೊಡುವವರು ಒಂದು ಅರ್ಥದಲ್ಲಿ ಕೂಲಿ ಕೊಡುವವರೇ ಆಗಿ ಉಳಿದರು.

ಈಗ ನಮ್ಮ ಕಡೆಗೆ ಬರೋಣ. ಇಂಗ್ಲೆಂಡಿನ ಈ ಎರಡೂ ಬಗೆ ಹಡಗು ಹತ್ತಿ ಇಲ್ಲಿಗೂ ಬಂದವು. 1854ರ ವುಡ್ ಡೆಸ್ಪ್ಯಾಚು ಟೀಚರುಗಳಿಗಾಗಿ ನಾರ್ಮಲ್ ಸ್ಕೂಲು ತೆರೆಯಿರಿ ಅಂದಿತು, ಕಲಿಯುವವರಿಗೆ ಸಹಾಯಧನ ಕೊಡಿ ಅಂದಿತು. 1856ರಲ್ಲಿ ಮದರಾಸಿನಲ್ಲಿ ಶುರುವಾದ ನಾರ್ಮಲ್ ಸ್ಕೂಲೇ ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜಾಯಿತು. ಧಾರವಾಡದ ನಾರ್ಮಲ್ ಸ್ಕೂಲಿನ ಹೆಡ್ಮಾಸ್ತರಾಗಿದ್ದವರು ಡೆಪ್ಯುಟಿ ಚನ್ನಬಸಪ್ಪನವರು. ಮರಾಠಿಯೇ ಶಾಲೆಯ ಭಾಷೆ ಅಂತ ನಡೆಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆ ಬೇಕೆಂದು ಹಟ ಹಿಡಿದವರು. ಶಾಲೆ ತೆರೆದರೆ ಸಾಲದು, ಕನ್ನಡದಲ್ಲಿ ಕಲಿಸಬಲ್ಲ ಮೇಷ್ಟ್ರುಗಳು ಬೇಕಲ್ಲ? ಉತ್ತರ ಕರ್ನಾಟಕದಲ್ಲಿ ಕನ್ನಡ ಉಳಿದ ಕಥೆ ಹೇಳುವಾಗ ನಾವು ಕವಿಗಳನ್ನು ನೆನೆಯುತ್ತೇವೆ, ನಾರ್ಮಲ್ ಸ್ಕೂಲನ್ನು ಮರೆಯುತ್ತೇವೆ.

ಮೈಸೂರಿನಲ್ಲಿ ಬಿ. ಎಲ್. ರೈಸ್ (ಹೌದು, ಶಾಸನಗಳ ರೈಸ್ ಅವರೇ, ಆಗ ಶಿಕ್ಷಣ ಇಲಾಖೆಯಲ್ಲಿದ್ದರು) 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದರು. ಅದರಲ್ಲಿ ನನಗೆ ಇಷ್ಟವಾದದ್ದು, ಈಗಾಗಲೇ ಹಳ್ಳಿಯಲ್ಲಿ ಮಠ ನಡೆಸುತ್ತಿದ್ದ ಐಗಳನ್ನೇ ಕರೆಸಿ, ನಾರ್ಮಲ್ ಸ್ಕೂಲಿನಲ್ಲಿ ತರಬೇತಿ ಕೊಟ್ಟು, ಅವರನ್ನೇ ಹೋಬಳಿ ಶಾಲೆಯ ಮೇಷ್ಟ್ರಾಗಿ ಕಳಿಸುವುದು. ಹಳಬನನ್ನು ಅನರ್ಹ ಅನ್ನುವ ಮೊದಲು ಅವನನ್ನು ಕೂರಿಸಿ ಕಲಿಸುವುದು.

ಜೊತೆಗೆ ಲೋ ಮಹಾಶಯನ ಬಗೆಯೂ ಬಂತು. ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳಲ್ಲಿ 1860ರ ದಶಕದಿಂದಲೇ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಇಡೀ ಶಾಲೆ ನಡುಗುವ ಪ್ರಸಂಗಗಳು ನಮ್ಮ ಹಿರಿಯರ ಆತ್ಮಕಥೆಗಳಲ್ಲಿ ಎಷ್ಟಿಲ್ಲ! 1904ರಲ್ಲಿ ಕರ್ಜನ್ನನ ಸರ್ಕಾರ ಅದು ಬೇಡ ಎಂದು ತೀರ್ಮಾನಿಸುವ ತನಕ ಅದು ಅಲ್ಲಲ್ಲಿ ನಡೆಯಿತು.

ಮುಂದಿನ ತೊಂಬತ್ತು ವರ್ಷವನ್ನು ಜಿಗಿಯುತ್ತೇನೆ. 1993ರ ಕಾಯ್ದೆಯಿಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಹುಟ್ಟಿತು. ವಕೀಲರ ಬಾರ್ ಕೌನ್ಸಿಲಿಗೆ 1961ರ ಕಾಯ್ದೆಯಂತೆ ವಕೀಲರು ಓಟು ಹಾಕುತ್ತಾರೆ. ಎನ್‌ಸಿಟಿಇಗೆ ಸದಸ್ಯರನ್ನು ನೇಮಿಸುವುದು ಕೇಂದ್ರ ಸರ್ಕಾರ ಅಂತ ಆ ಕಾಯ್ದೆ ಹೇಳಿತು. ಅದರ ಮಾನ್ಯತೆ ಪಡೆದು ಖಾಸಗಿ ಡಿ.ಎಡ್., ಬಿ.ಎಡ್. ಕಾಲೇಜುಗಳು ಮಳೆಗಾಲದ ಅಣಬೆಯ ಹಾಗೆ ಎದ್ದವು. ಸುಪ್ರೀಂ ಕೋರ್ಟು 2011ರಲ್ಲಿ ನೇಮಿಸಿದ ನ್ಯಾಯಮೂರ್ತಿ ಜೆ. ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದನ್ನೇ ನೆನೆದು 2020ರ ರಾಷ್ಟ್ರೀಯ ಶಿಕ್ಷಣ ನೀತಿ, 10,000ಕ್ಕೂ ಹೆಚ್ಚಿರುವ ಇಂಥ ಸಂಸ್ಥೆಗಳಲ್ಲಿ ಬಹುಪಾಲು ಕಲಿಸುವ ಗೋಜಿಗೇ ಹೋಗದೆ ಡಿಗ್ರಿ ಮಾರುತ್ತಿವೆ ಎಂದು ಒಪ್ಪಿಕೊಂಡಿತು. ಸರ್ಕಾರದ ದಾಖಲೆಯೇ ಹೀಗೆ ಹೇಳುತ್ತದೆ ಸ್ವಾಮೀ, ನಾನಲ್ಲ.

ತಾನೇ ಮಾನ್ಯತೆ ಕೊಟ್ಟ ಕಾಗದವನ್ನು ತಾನೇ ನಂಬಲಾರದೆ ಹೋದಾಗ ಸರ್ಕಾರ ಏನು ಮಾಡಬೇಕಿತ್ತು? ಕಾಲೇಜುಗಳನ್ನು ರಿಪೇರಿ ಮಾಡಬಹುದಿತ್ತು. ಅದು ಕಷ್ಟದ ಕೆಲಸ. ಇನ್ನೊಂದು ಪರೀಕ್ಷೆ ಇಡುವುದು ಸುಲಭ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ, 2010ರ ಆಗಸ್ಟ್ 23ರ ಅಧಿಸೂಚನೆಯಲ್ಲಿ ಟಿಇಟಿ ಹುಟ್ಟಿತು. 150 ಪ್ರಶ್ನೆ, ನಾಲ್ಕರಲ್ಲಿ ಒಂದು ಟಿಕ್, ಪಾಸಾಗಲು ನೂರಕ್ಕೆ 60. 2012ರ ನವೆಂಬರಿನ ಕೇಂದ್ರ ಟಿಇಟಿಯಲ್ಲಿ ನೂರಕ್ಕೆ 99 ಜನ ಫೇಲಾದರು. ಅವರಲ್ಲಿ ಎಷ್ಟೋ ಜನರ ಕೈಯಲ್ಲಿ ಬಿ.ಎಡ್. ಇತ್ತು. ಆ ಫಲಿತಾಂಶ ಅಭ್ಯರ್ಥಿಗಳ ಬಗ್ಗೆ ಹೇಳಿದ್ದಕ್ಕಿಂತ ಅವರಿಗೆ ಸರ್ಟಿಫಿಕೇಟು ಕೊಟ್ಟವರ ಬಗ್ಗೆ ಹೆಚ್ಚು ಹೇಳಿತು ಅಂತ ನನ್ನ ಅಭಿಪ್ರಾಯ.

ಅದೇ 2010ರ ಅಧಿಸೂಚನೆಯಲ್ಲಿ, ಮೊದಲೇ ನೇಮಕವಾದವರಿಗೆ ಈ ಕನಿಷ್ಠ ಅರ್ಹತೆಗಳಿಂದ ವಿನಾಯಿತಿ ಇತ್ತು. 1998ರಲ್ಲಿ ಸೇರಿದ ಅಮ್ಮ ಹದಿನೈದು ವರ್ಷ ನೆಮ್ಮದಿಯಾಗಿ ಇದ್ದದ್ದು ಆ ಒಂದು ಪ್ಯಾರಾದ ಮೇಲೆ. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಅರ್ಹತೆ ಇಲ್ಲದವರೆಲ್ಲ 2019ರ ಮಾರ್ಚ್ 31ರೊಳಗೆ ಪಡೆಯಬೇಕು ಅಂದಿತು. ತರಬೇತಿ ಇಲ್ಲದ ಹದಿಮೂರು ಲಕ್ಷಕ್ಕೂ ಹೆಚ್ಚು ಟೀಚರುಗಳು ದೂರಶಿಕ್ಷಣದ ಡಿಪ್ಲೊಮಾಗೆ ಸೇರಿದರು. ಅದು ತನಗಲ್ಲ, ತನ್ನದು ಟಿ.ಸಿ.ಎಚ್. ಆಗಿದೆಯಲ್ಲ ಅಂತ ಅಮ್ಮ ಅಂದುಕೊಂಡಳು. 2025ರಲ್ಲಿ ಕೋರ್ಟು ಕಾಯ್ದೆಯನ್ನು ಬೇರೆ ರೀತಿ ಓದಿತು: ಟಿಇಟಿಯೂ ಕನಿಷ್ಠ ಅರ್ಹತೆಯೇ, ಕೆಲಸದಲ್ಲಿರುವವರಿಗೂ ಅದು ಅನ್ವಯ.

ಕೋರ್ಟಿನ ಮಾತಿಗೆ ಬೆಲೆ ಇಲ್ಲ ಅನ್ನಲಾರೆ. ಒಳ್ಳೆಯ ಟೀಚರು ಸಿಗುವುದು ಮಗುವಿನ ಹಕ್ಕು. ಭಿನ್ನರಾಶಿಯ ಮೇಷ್ಟ್ರು ನನ್ನ ಕಣ್ಣ ಮುಂದೆ ಬರುತ್ತಾರೆ. ಆದರೆ ಒಂದು ಹೋಲಿಕೆ ಬಿಡಲಾಗುತ್ತಿಲ್ಲ. ವಕೀಲರಿಗೂ ಸುಮಾರು ಅದೇ ಹೊತ್ತಿಗೆ ಅಖಿಲ ಭಾರತ ಬಾರ್ ಪರೀಕ್ಷೆ ಬಂತು, ಮೊದಲನೆಯದು ನಡೆದದ್ದು 2011ರಲ್ಲಿ. ಅದು 2009-10ರಿಂದ ಈಚೆಗೆ ಪದವಿ ಪಡೆದವರಿಗೆ ಮಾತ್ರ. ಅದಕ್ಕಿಂತ ಹಳೆಯ ವಕೀಲರನ್ನು ಕೋಟು ಬಿಚ್ಚಿಟ್ಟು ಬಂದು ಟಿಕ್ ಹಾಕಿ ಅಂತ ಯಾರೂ ಕೇಳಲಿಲ್ಲ. ಇನ್ನು ನನ್ನ ಕಥೆ: ನಾನು ಓದಿದ್ದು ಎಲೆಕ್ಟ್ರಾನಿಕ್ಸು, ಹೊಟ್ಟೆಗೆ ಬರೆಯುವುದು ಜಾವಾ. ನನ್ನ ಕೋಡು ತಪ್ಪಾದರೆ ಸಾವಿರಾರು ಜನರ ದುಡ್ಡು ಅತ್ತಿಂದಿತ್ತ ಆಗಬಹುದು. ಇದುವರೆಗೆ ಯಾರೂ ನನ್ನ ಲೈಸೆನ್ಸು ಕೇಳಿಲ್ಲ.

ರಜೆ ಮುಗಿಯುವ ಹಿಂದಿನ ರಾತ್ರಿ ಅಮ್ಮನಿಗೆ ಗೈಡಿನಿಂದ ಪ್ರಶ್ನೆ ಕೇಳುತ್ತಾ ಕೂತಿದ್ದೆ. ಪಿಯಾಜೆಯ ಹಂತಗಳ ಮೇಲೆ ಒಂದು ಪ್ರಶ್ನೆ ಇತ್ತು. ಉದ್ದ ಲೋಟದ ನೀರನ್ನು ಅಗಲ ಲೋಟಕ್ಕೆ ಸುರಿದರೆ ನೀರು ಕಡಿಮೆಯಾಯಿತು ಅನ್ನುವ ಮಗು ಯಾವ ಹಂತದಲ್ಲಿದೆ? ಅಮ್ಮ ಹಂತದ ಹೆಸರು ತಪ್ಪು ಹೇಳಿದಳು. ಆಮೇಲೆ ಹೇಳಿದಳು, ಒಂದನೇ ಕ್ಲಾಸಿನಲ್ಲಿ ಪ್ರತಿ ವರ್ಷ ಇಂಥವು ಏಳೆಂಟು ಇರುತ್ತವೆ, ಬಿಸಿಯೂಟದ ಹಾಲಿನ ಲೋಟ ಬದಲಾದರೆ ನನಗೆ ಕಡಿಮೆ ಬಂತು ಅಂತ ಅಳುತ್ತವೆ, ಅವಕ್ಕೆ ನಾಲ್ಕು ದಿನ ಅವೇ ಸುರಿದು ನೋಡಲು ಬಿಟ್ಟರೆ ಸರಿಹೋಗುತ್ತವೆ ಅಂತ.

"ಅದನ್ನ ಎಲ್ಲಿ ಬರೀಲಿ? ಇಲ್ಲಿ ಎ ಬಿ ಸಿ ಡಿ ಮಾತ್ರ ಇದೆ" ಅಂದಳು.

ಆಮೇಲೆ ತನ್ನ ಹಳೆಯ ಟಿ.ಸಿ.ಎಚ್. ಅಂಕಪಟ್ಟಿಯನ್ನು ಟ್ರಂಕಿನಿಂದ ತೆಗೆದು ಕೊಟ್ಟಳು. ಅರ್ಜಿ ತುಂಬಲು ಬೇಕಾಗುತ್ತದೆ, ಸ್ಕ್ಯಾನ್ ಮಾಡಿಟ್ಟುಕೋ ಅಂದಳು. ಮಡಿಕೆ ಬಿದ್ದ ಕಡೆ ಸ್ವಲ್ಪ ಹರಿದಿದೆ. ಅವಳು ಓದಿದ ಆ ಕಾಲೇಜು ಮುಚ್ಚಿ ತುಂಬಾ ವರ್ಷವಾಯಿತು, ಆ ಜಾಗದಲ್ಲಿ ಈಗ ಒಂದು ಕಲ್ಯಾಣ ಮಂಟಪ ಇದೆ.